ಐದು ಚೆಕ್ ಚಿತ್ರಗಳ ಪುಟ್ಟ ಚಿತ್ರೋತ್ಸವ: ಮೊದಲ ಪತ್ರದಿಂದ ಕೊನೆಯ ಪ್ರದರ್ಶನದವರೆಗೆ

ನಮ್ಮ ಊರುಗಳ ಚಿತ್ರಸಮಾಜಗಳು ಯುರೋಪಿನ ಚೆಕ್ ದೇಶದ ಚಿತ್ರಗಳ ಉತ್ಸವಕ್ಕೆ ಕೈಹಾಕಿ ಎಡವಿದ ಕಥೆಗಳನ್ನು ಕೇಳುತ್ತಲೇ ಇದ್ದೇನೆ. ಎಡವುವ ಜಾಗ ಮಾತ್ರ ಪ್ರತಿ ಸಲವೂ ಒಂದೇ. ಮೊದಲು ಸಭಾಂಗಣ ಹಿಡಿಯುತ್ತಾರೆ, ಆಮೇಲೆ ಪೋಸ್ಟರ್ ಅಚ್ಚಾಗುತ್ತದೆ, ಅದರ ಬೆನ್ನಿಗೆ ಉದ್ಘಾಟಕರ ಹೆಸರು ಗೊತ್ತಾಗುತ್ತದೆ. ಚಿತ್ರದ ಪ್ರತಿ ಎಲ್ಲಿಂದ ಬರುತ್ತದೆ, ತೋರಿಸಲು ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆ ಏಳುವುದು ಕೊನೆಯ ವಾರದಲ್ಲಿ. ಆಗ ಯಾರದೋ ಪೆನ್‌ಡ್ರೈವ್‌ನಲ್ಲಿದ್ದ ಮಸುಕು ಪ್ರತಿ, ಮಾತಿಗೆ ಹೊಂದದ ಸಬ್‌ಟೈಟಲ್, ಅರ್ಧಕ್ಕೇ ಎದ್ದುಹೋಗುವ ಪ್ರೇಕ್ಷಕರು.

ಕೆಲಸಗಳ ಸಾಲನ್ನು ತಿರುವಿ ಹಾಕಿದರೆ ಈ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಹಕ್ಕು ಮೊದಲು, ಪ್ರತಿ ಆಮೇಲೆ, ಸಬ್‌ಟೈಟಲ್ ಅದರ ನಂತರ, ಪೋಸ್ಟರ್ ಎಲ್ಲದರ ಕೊನೆಗೆ. ಕೆಳಗಿನ ಹಂತಗಳು ನೂರು ನೂರೈವತ್ತು ಆಸನಗಳ ಸಭಾಂಗಣದಲ್ಲಿ ಮೂರು ದಿನ ನಡೆಯುವ, ಐದು ಚಿತ್ರಗಳ ಉತ್ಸವಕ್ಕೆ ಸರಿಹೊಂದುತ್ತವೆ.

ಕೈಯಲ್ಲಿ ಇರಬೇಕಾದವು

ನೋಂದಾಯಿತ ಸಂಘ, ಅದರ ಹೆಸರಿನಲ್ಲಿ ಬ್ಯಾಂಕ್ ಖಾತೆ ಮತ್ತು ಪಾನ್ ಇರಬೇಕು. ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ಪತ್ರ ಬರೆಯುವ ಒಬ್ಬರು, ಸಬ್‌ಟೈಟಲ್ ಮಾಡುವ ಇಬ್ಬರು, ಪ್ರೊಜೆಕ್ಟರ್ ನಡೆಸುವ ಒಬ್ಬರು ಬೇಕು. ಈ ಪ್ರೊಜೆಕ್ಟರ್‌ನವರನ್ನು ಮೊದಲ ಸಭೆಗೇ ಕರೆಯಿರಿ, ಕೊನೆಯ ದಿನ ಬಾಡಿಗೆಗೆ ತರಬೇಡಿ. ಒಂದು ಟೆರಾಬೈಟಿನ ಎರಡು ಹಾರ್ಡ್ ಡಿಸ್ಕ್, ಒಳ್ಳೆಯ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರಿಗೆ ಯುಪಿಎಸ್ ಕೂಡ ಪಟ್ಟಿಯಲ್ಲಿರಲಿ.

ಹಂತ 1: ದಿನಾಂಕವನ್ನು ಹಿಂದಿನಿಂದ ಎಣಿಸಿ

ಉತ್ಸವದ ದಿನದಿಂದ ಹಿಂದಕ್ಕೆ ಹದಿನಾರು ವಾರ ಎಣಿಸಿ. ಮೊದಲ ಪತ್ರ ಹೋಗಬೇಕಾದದ್ದು ಆ ದಿನ.

ಅಕ್ಟೋಬರ್ 28 ಹಲವರ ಕಣ್ಣಿಗೆ ಬೀಳುತ್ತದೆ. 1918ರಲ್ಲಿ ಚೆಕೊಸ್ಲೊವಾಕಿಯ ಹುಟ್ಟಿದ ದಿನ ಅದು. ಕಮ್ಯುನಿಸ್ಟ್ ಆಡಳಿತವನ್ನು ಕೊನೆಗಾಣಿಸಿದ 1989ರ ಕ್ರಾಂತಿಯನ್ನು ನೆನೆಯುವ ನವೆಂಬರ್ 17 ಕೂಡ ಆಕರ್ಷಕ. ಆದರೆ ದಸರಾ ಮತ್ತು ದೀಪಾವಳಿಯ ಆಸುಪಾಸು, ಅದರ ಬೆನ್ನಿಗೆ ತಿಂಗಳಿಡೀ ನಡೆಯುವ ರಾಜ್ಯೋತ್ಸವ, ಇವುಗಳ ನಡುವೆ ನಮ್ಮ ಊರುಗಳಲ್ಲಿ ಸಭಾಂಗಣ ಸಿಗುವುದು ಕಷ್ಟ. ಸಿಕ್ಕರೂ ಪಕ್ಕದ ಮೈದಾನದ ಆರ್ಕೆಸ್ಟ್ರಾ ಒಳಗೆ ಕೇಳಿಸುತ್ತದೆ. ಜನವರಿಯ ಎರಡನೆಯ ಭಾಗವೇ ಮೇಲು ಎಂಬುದು ನನ್ನ ಅನುಭವ. ಹಾಗಾದರೆ ಸೆಪ್ಟೆಂಬರ್ ಕೊನೆಗೆ ಪತ್ರ ಹೊರಡಬೇಕು, ಡಿಸೆಂಬರ್ ಮಧ್ಯದೊಳಗೆ ಹಕ್ಕಿನ ಮಾತು ಮುಗಿಯಬೇಕು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಚೆಕ್ ರಾಜಧಾನಿ ಪ್ರಾಗ್‌ನಿಂದ ಉತ್ತರ ಬರುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಅಲ್ಲಿನ ಬೇಸಿಗೆ ರಜೆಯ ಜುಲೈ, ಆಗಸ್ಟ್ ತಿಂಗಳುಗಳೂ ಹಾಗೆಯೇ.

ಸಭಾಂಗಣವನ್ನು ಈಗ ಮೌಖಿಕವಾಗಿ ಕೇಳಿಡಿ. ಮುಂಗಡ ಹಣ ಕೊಡಬೇಡಿ.

ಹಂತ 2: ಐದು ಆರಿಸಿ, ಮೂರು ಬದಲಿ ಇಡಿ

ಹದಿನೈದು ಚಿತ್ರಗಳ ಪಟ್ಟಿ ಮಾಡಿದ ಸಂಘಗಳಿಗೆ ಕೊನೆಗೆ ಒಂದನ್ನೂ ನೆಟ್ಟಗೆ ತೋರಿಸಲಾಗುವುದಿಲ್ಲ. ಮೊದಲ ವರ್ಷಕ್ಕೆ ನಾನು ಸೂಚಿಸುವ ಐದು ಇವು.

ಶುಕ್ರವಾರ ಸಂಜೆ, ಯಿರ್ಝಿ ಮೆಂಜೆಲ್ ಅವರ ಕ್ಲೋಸ್ಲಿ ವಾಚ್ಡ್ ಟ್ರೇನ್ಸ್, 1966ರದು. 1968ರಲ್ಲಿ ಆಸ್ಕರ್ ಪಡೆದ ಚಿತ್ರ. ಕೇವಲ 93 ನಿಮಿಷ, ಸಣ್ಣ ರೈಲು ನಿಲ್ದಾಣದ ಕಥೆ. ಹೊಸ ಪ್ರೇಕ್ಷಕರನ್ನು ಒಳಗೆ ಕರೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಶನಿವಾರ ಬೆಳಿಗ್ಗೆ, ಕರೆಲ್ ಜೆಮನ್ 1958ರಲ್ಲಿ ಜೂಲ್ಸ್ ವರ್ನ್ ಕಥೆಯಿಂದ ಮಾಡಿದ ಇನ್ವೆನ್ಷನ್ ಫಾರ್ ಡಿಸ್ಟ್ರಕ್ಷನ್. ಹಳೆಯ ಪುಸ್ತಕಗಳ ಕೆತ್ತನೆಯ ಚಿತ್ರಗಳು ಎದ್ದು ನಡೆದಾಡಿದಂತೆ ಕಾಣುವ ಇದನ್ನು ಮಕ್ಕಳೂ ನೋಡಬಹುದು. ಅಂದು ಸಂಜೆ, ವ್ಯೆರಾ ಖಿತಿಲೊವಾ ಅವರ ಡೇಸೀಸ್. ಅದರ ಮುಂದೆ ಯಿರ್ಝಿ ತೃಂಕ ಅವರ 18 ನಿಮಿಷಗಳ ಬೊಂಬೆ ಚಿತ್ರ ದ ಹ್ಯಾಂಡ್. ಭಾನುವಾರ ಬೆಳಿಗ್ಗೆ, ಯಾನ್ ಸ್ವೆರಾಕ್ ಅವರ ಕೋಲ್ಯಾ, 1996ರದು. ಸಂಜೆ, ಯಾನ್ ಕದಾರ್ ಮತ್ತು ಎಲ್ಮಾರ್ ಕ್ಲೋಸ್ ಸೇರಿ 1965ರಲ್ಲಿ ಮಾಡಿದ ದ ಶಾಪ್ ಆನ್ ಮೇನ್ ಸ್ಟ್ರೀಟ್. ಇದರ ನಂತರ ಇನ್ನೊಂದು ಚಿತ್ರ ಇಡಬೇಡಿ, ಅಂದು ಯಾರಿಗೂ ಇನ್ನೊಂದನ್ನು ನೋಡುವ ಮನಸ್ಸಿರುವುದಿಲ್ಲ.

ಬದಲಿ ಪಟ್ಟಿಗೆ ಮಿಲೋಶ್ ಫೋರ್ಮನ್ ಅವರ ದ ಫೈರ್‌ಮೆನ್ಸ್ ಬಾಲ್, ಯುರಾಯ್ ಹೆರ್ತ್ಸ್ ಅವರ ದ ಕ್ರಿಮೇಟರ್ ಮತ್ತು ಮೆಂಜೆಲ್ ಅವರದೇ ಲಾರ್ಕ್ಸ್ ಆನ್ ಎ ಸ್ಟ್ರಿಂಗ್. ಕೊನೆಯದು 1969ರಲ್ಲಿ ಚಿತ್ರೀಕರಣವಾಗಿ, ನಿಷೇಧಗೊಂಡು, 1990ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಪಡೆದ ಚಿತ್ರ.

ಸಾಮಾನ್ಯ ತಪ್ಪು: ಫ್ರಾಂಟಿಶೆಕ್ ವ್ಲಾಚಿಲ್ ಅವರ ಮಾರ್ಕೆಟಾ ಲಜರೋವಾದಿಂದ ಉದ್ಘಾಟನೆ ಮಾಡುವುದು. ಅದು ಮಹಾ ಕೃತಿ, ನಾನೂ ಅದರ ಆರಾಧಕ. ಆದರೆ ಎರಡೂಮುಕ್ಕಾಲು ಗಂಟೆಯ, ಕಥೆ ಸುಲಭಕ್ಕೆ ಕೈಗೆ ಸಿಗದ ಮಧ್ಯಯುಗದ ಚಿತ್ರವನ್ನು ಮೊದಲ ಸಂಜೆಗೆ ಇಟ್ಟರೆ ಎರಡನೆಯ ದಿನ ಸಭಾಂಗಣ ಖಾಲಿ. ಅದನ್ನು ಮುಂದಿನ ವರ್ಷಕ್ಕೆ ಕಾಯ್ದಿಡಿ.

ಇನ್ನೊಂದು ತಪ್ಪು: ಚೆಕೊಸ್ಲೊವಾಕಿಯದ ಎಲ್ಲ ಚಿತ್ರಗಳನ್ನೂ ಚೆಕ್ ಎಂದು ಕರೆಯುವುದು. ಆ ದೇಶ ಚೆಕ್ ಮತ್ತು ಸ್ಲೊವಾಕಿಯ ಎಂದು ಎರಡಾದದ್ದು 1993ರ ಜನವರಿ 1ರಂದು. ದ ಶಾಪ್ ಆನ್ ಮೇನ್ ಸ್ಟ್ರೀಟ್ ತಯಾರಾದದ್ದು ಪ್ರಾಗ್‌ನ ಬರಾಂದೊವ್ ಸ್ಟುಡಿಯೋದಿಂದ, ಆದರೆ ಅದರ ಮಾತು ಬಹುಪಾಲು ಸ್ಲೊವಾಕ್, ಜೊತೆಗೆ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್. ಚಿತ್ರೀಕರಣವಾದದ್ದು ಸ್ಲೊವಾಕಿಯದ ಸಬಿನೊವ್ ಎಂಬ ಊರಿನಲ್ಲಿ. ಕರಪತ್ರದಲ್ಲಿ ಅದಕ್ಕೆ ‘ಚೆಕೊಸ್ಲೊವಾಕಿಯ’ ಎಂದೇ ಹಾಕಿ.

ಹಂತ 3: ಹಕ್ಕುದಾರರಿಗೆ ಪತ್ರ

ಸಂಘಗಳು ಹೆಚ್ಚಾಗಿ ಸೋಲುವುದು ಇಲ್ಲಿ. ಡಿಸ್ಕ್ ಕೊಂಡದ್ದು, ಒಟಿಟಿಗೆ ಚಂದಾ ಕಟ್ಟಿದ್ದು ಮನೆಯಲ್ಲಿ ನೋಡುವ ಹಕ್ಕಷ್ಟೆ. ಸಭೆಯಲ್ಲಿ ತೋರಿಸಲು ಬೇರೆ ಒಪ್ಪಿಗೆ ಬೇಕು, ಪ್ರವೇಶ ಉಚಿತವಾದರೂ ಬೇಕು. ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಅಲ್ಲಿನ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಗೆ ಸೀಮಿತವಾಗಿ ತೋರಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಊರಿನವರನ್ನೆಲ್ಲ ಕರೆಯುವ ಉತ್ಸವ ಅದರೊಳಗೆ ಬರುವುದಿಲ್ಲ.

ಚೆಕ್ ಚಿತ್ರೋದ್ಯಮ 1945ರಲ್ಲಿ ರಾಷ್ಟ್ರೀಕರಣವಾಯಿತು. ಹಾಗಾಗಿ ಆ ಕಾಲದ ಚಿತ್ರಗಳ ವಿಚಾರಕ್ಕೆ ಮೊದಲು ಬರೆಯಬೇಕಾದದ್ದು ಪ್ರಾಗ್‌ನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ. ಚೆಕ್ ಭಾಷೆಯಲ್ಲಿ ಅದು ನಾರೊದ್ನೀ ಫಿಲ್ಮೊವೀ ಆರ್ಖಿವ್. ಬೇರೆಯವರ ಬಳಿ ಹಕ್ಕಿದ್ದರೆ ಯಾರನ್ನು ಕೇಳಬೇಕೆಂದು ತಿಳಿಸುವಂತೆ ಅದೇ ಪತ್ರದಲ್ಲಿ ಕೋರಿ. ಕೋಲ್ಯಾ ಮಾತ್ರ ಬೇರೆ ದಾರಿ. 1989ರ ನಂತರದ ಚಿತ್ರಗಳಿಗೆ ಖಾಸಗಿ ನಿರ್ಮಾಪಕರು ಮತ್ತು ವಿದೇಶಿ ವಿತರಕರು ಇರುತ್ತಾರೆ, ಒಂದೊಂದಕ್ಕೂ ಪ್ರತ್ಯೇಕ ಪತ್ರ ಬೇಕು. ಸ್ಲೊವಾಕಿಯದಲ್ಲೇ ತಯಾರಾದ ಹಳೆಯ ಚಿತ್ರ ಬೇಕಿದ್ದರೆ ಬ್ರಾಟಿಸ್ಲಾವದ ಸ್ಲೊವಾಕ್ ಚಲನಚಿತ್ರ ಸಂಸ್ಥೆಗೆ ಬರೆಯಿರಿ. ಇದೇ ಹೊತ್ತಿಗೆ ನವದೆಹಲಿಯ ಚೆಕ್ ರಾಯಭಾರ ಕಚೇರಿಯ ಸಂಸ್ಕೃತಿ ವಿಭಾಗಕ್ಕೂ ಒಂದು ಪತ್ರ ಹೋಗಲಿ. ಪರಿಚಯದ ಒಂದು ಸಾಲು ಅಲ್ಲಿಂದ ಹೋದರೂ ಪ್ರಾಗ್‌ನಲ್ಲಿ ನಿಮ್ಮ ಪತ್ರಕ್ಕೆ ತೂಕ ಬರುತ್ತದೆ.

ಪತ್ರ ಒಂದು ಪುಟ ಮೀರಬಾರದು. ಚಿತ್ರದ ಚೆಕ್ ಹೆಸರು, ನಿರ್ದೇಶಕರು, ವರ್ಷ, ಪ್ರದರ್ಶನದ ದಿನ, ಎಷ್ಟು ಬಾರಿ ತೋರಿಸುತ್ತೀರಿ, ಎಷ್ಟು ಆಸನ, ಟಿಕೆಟ್ ಇದೆಯೇ ಇಲ್ಲವೇ, ಯಾವ ರೂಪದ ಪ್ರತಿ ಬೇಕು, ಕನ್ನಡ ಸಬ್‌ಟೈಟಲ್ ಸೇರಿಸಲು ಒಪ್ಪಿಗೆ ಕೊಡುತ್ತೀರಾ ಎಂಬ ವಿವರಗಳು ಸಾಕು. ಸಂಘದ ಮೂವತ್ತು ವರ್ಷದ ಸಾಧನೆಯ ವರದಿ ಯಾರಿಗೂ ಬೇಕಿಲ್ಲ.

ಚೆಕ್ ಹೆಸರನ್ನೇ ಏಕೆ ಬರೆಯಬೇಕು? ಒಂದೇ ಚಿತ್ರಕ್ಕೆ ಇಂಗ್ಲಿಷ್‌ನಲ್ಲಿ ಎರಡೆರಡು ಹೆಸರಿವೆ. ಅಮೆರಿಕದವರ ‘ಕ್ಲೋಸ್ಲಿ ವಾಚ್ಡ್ ಟ್ರೇನ್ಸ್’ ಬ್ರಿಟನ್ನಿನಲ್ಲಿ ‘ಕ್ಲೋಸ್ಲಿ ಅಬ್ಸರ್ವ್ಡ್ ಟ್ರೇನ್ಸ್’. ‘ಮೇನ್ ಸ್ಟ್ರೀಟ್’ ಅಲ್ಲಿ ‘ಹೈ ಸ್ಟ್ರೀಟ್’. ‘ಒಸ್ತ್ರ್ಝೆ ಸ್ಲೆದೊವನೇ ವ್ಲಕಿ, 1966’ ಎಂದು ಚೆಕ್ ಲಿಪಿಯಲ್ಲಿ ಬರೆದರೆ ಗೊಂದಲಕ್ಕೆ ಎಡೆಯೇ ಇಲ್ಲ.

ಶುಲ್ಕ ಕೇಳಿದರೆ ಚೌಕಾಸಿಗಿಂತ ನಿಮ್ಮ ಆಸನಗಳ ಸಂಖ್ಯೆಯನ್ನೂ ಟಿಕೆಟ್ ಇಲ್ಲ ಎಂಬುದನ್ನೂ ವಿನಯದಿಂದ ಇನ್ನೊಮ್ಮೆ ತಿಳಿಸಿ. ಹಣ ಕಳಿಸಲು ಬ್ಯಾಂಕಿಗೆ ಇನ್‌ವಾಯ್ಸ್ ಮತ್ತು ತೆರಿಗೆಯ ಘೋಷಣಾ ನಮೂನೆಗಳು ಬೇಕಾಗುತ್ತವೆ. ಲೆಕ್ಕಪರಿಶೋಧಕರನ್ನು ಈಗಲೇ ಕೇಳಿ, ಇದಕ್ಕೇ ಎರಡು ವಾರ ಹಿಡಿಯಬಹುದು.

ಎಚ್ಚರಿಕೆಯ ಸೂಚನೆ: ‘ತೊಂದರೆ ಇಲ್ಲ, ತೋರಿಸಿ’ ಎಂಬ ಫೋನ್ ಮಾತು. ಲಿಖಿತವಾಗಿ ಬರುವವರೆಗೆ ಆ ಚಿತ್ರ ನಿಮ್ಮ ಪಟ್ಟಿಯಲ್ಲಿಲ್ಲ ಎಂದೇ ತಿಳಿಯಿರಿ. ಆರು ವಾರಗಳಲ್ಲಿ ಎರಡು ನೆನಪೋಲೆಗೂ ಉತ್ತರ ಬಾರದಿದ್ದರೆ ಬದಲಿ ಚಿತ್ರಕ್ಕೆ ಹೋಗಿ.

ಹಂತ 4: ಪ್ರಮಾಣಪತ್ರದ ವಿನಾಯಿತಿ

ಹಕ್ಕುದಾರರು ಒಪ್ಪಿದರೆ ಅರ್ಧ ದಾರಿ ಮುಗಿದಂತೆ. ಭಾರತದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳಿಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೆಯ ಕಲಮಿನ ಅಡಿಯಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡುತ್ತದೆ. ಅರ್ಜಿಯ ಜೊತೆ ಪ್ರತಿ ಚಿತ್ರದ ಸಾರಾಂಶ ಮತ್ತು ವಿವರ, ಚಿತ್ರಗಳನ್ನು ಮೊದಲೇ ನೋಡಿದ ಆಯ್ಕೆ ಸಮಿತಿಯ ವಿವರ, ವಾಣಿಜ್ಯ ಪ್ರದರ್ಶನವಲ್ಲ ಎಂಬ ಹೇಳಿಕೆ ಇರಲಿ. ಪ್ರವೇಶ ನೋಂದಾಯಿತ ಪ್ರತಿನಿಧಿಗಳಿಗೆ ಮಾತ್ರ. ಆದ್ದರಿಂದ ಗೇಟಿನಲ್ಲಿ ಟಿಕೆಟ್ ಮಾರುವ ಯೋಚನೆ ಬಿಟ್ಟು, ಮುಂಚಿತ ನೋಂದಣಿ ಮತ್ತು ಗುರುತಿನ ಚೀಟಿಯ ವ್ಯವಸ್ಥೆ ಮಾಡಿ. ಕನಿಷ್ಠ ಒಂದೂವರೆ ತಿಂಗಳು ಮೊದಲು ಅರ್ಜಿ ಹೋಗಲಿ.

ನಿಮ್ಮ ಸಂಘ 1959ರಲ್ಲಿ ಸ್ಥಾಪನೆಯಾದ ಭಾರತೀಯ ಚಿತ್ರಸಮಾಜಗಳ ಒಕ್ಕೂಟದ ಸದಸ್ಯ ಆಗಿದ್ದರೆ, ಸದಸ್ಯರಿಗಷ್ಟೇ ನಡೆಸುವ ಪ್ರದರ್ಶನಕ್ಕೆ ಏನು ಅನುಕೂಲ ಉಂಟು ಎಂದು ಒಕ್ಕೂಟದ ಪ್ರಾದೇಶಿಕ ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಮಕ್ಕಳ ಪ್ರದರ್ಶನದ ಬಗ್ಗೆ ಒಂದು ಮಾತು. ಪ್ರಮಾಣಪತ್ರವಿಲ್ಲದ ಚಿತ್ರಗಳ ಉತ್ಸವಗಳಲ್ಲಿ ಹದಿನೆಂಟು ತುಂಬಿದವರಿಗಷ್ಟೇ ಪ್ರವೇಶ ಎಂಬ ನಿಯಮ ಸಾಮಾನ್ಯ. ಜೆಮನ್ ಚಿತ್ರಕ್ಕೆ ಮಕ್ಕಳನ್ನು ಕರೆಯುವ ಆಸೆಯಿದ್ದರೆ ಅರ್ಜಿಯಲ್ಲೇ ಅದನ್ನು ಕೇಳಿ. ಇಲ್ಲವೇ ಆ ಪ್ರದರ್ಶನವನ್ನು ಶಾಲೆಯೊಂದರ ಒಳಗೆ, ಶಾಲೆಯದೇ ಕಾರ್ಯಕ್ರಮವಾಗಿ ಮಾಡಲು ಸಾಧ್ಯವೇ ಎಂದು ವಿಚಾರಿಸಿ.

ಹಂತ 5: ಪ್ರತಿ ಕೈಗೆ ಬಂದ ದಿನವೇ ಪರೀಕ್ಷೆ

ಚಿತ್ರದ ಪ್ರತಿ ಎರಡು ಬಗೆಯಲ್ಲಿ ಬರಬಹುದು. ಚಿತ್ರಮಂದಿರದ ಸರ್ವರ್‌ಗೆ ಹಾಕುವ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಒಂದು, ಲ್ಯಾಪ್‌ಟಾಪ್‌ನಲ್ಲಿ ಓಡುವ ವಿಡಿಯೋ ಕಡತ ಇನ್ನೊಂದು. ನಿಮ್ಮ ಸಭಾಂಗಣದಲ್ಲಿ ಡಿಸಿಪಿ ಸರ್ವರ್ ಇಲ್ಲದಿದ್ದರೆ ಡಿಸಿಪಿ ಬಂದೂ ಪ್ರಯೋಜನವಿಲ್ಲ. ಇದನ್ನು ಪತ್ರದಲ್ಲೇ ಹೇಳಿ.

ಡಿಸಿಪಿಗೆ ಬೀಗ ಹಾಕಿದ್ದರೆ ಕೆಡಿಎಂ ಎಂಬ ಡಿಜಿಟಲ್ ಕೀಲಿ ಬೇಕು. ಅದು ಒಂದು ನಿರ್ದಿಷ್ಟ ಸರ್ವರ್‌ಗೆ, ಒಂದು ನಿರ್ದಿಷ್ಟ ಅವಧಿಗೆ ಮಾತ್ರ ತೆರೆಯುತ್ತದೆ. ಸರ್ವರ್‌ನ ಪ್ರಮಾಣಪತ್ರದ ಕಡತವನ್ನು ಚಿತ್ರಮಂದಿರದವರಿಂದ ಪಡೆದು ಮೊದಲೇ ಕಳಿಸಿ. ಅವಧಿ ಕೇಳುವಾಗ ತಾಲೀಮಿನ ದಿನವನ್ನೂ ಸೇರಿಸಿ, ಪ್ರದರ್ಶನದ ದಿನ ಮಾತ್ರ ತೆರೆಯುವ ಕೀಲಿಯಿಂದ ಪರೀಕ್ಷೆ ಮಾಡಲಾಗುವುದಿಲ್ಲ.

ಕಡತ ಬಂದರೆ ಮೊದಲು ಎರಡನೆಯ ಡಿಸ್ಕ್‌ಗೆ ನಕಲು ಮಾಡಿ, ಆಮೇಲೆ ಒಬ್ಬರು ಕುಳಿತು ಆದಿಯಿಂದ ಅಂತ್ಯದವರೆಗೆ ನೋಡಬೇಕು. ಹತ್ತು ನಿಮಿಷ ನೋಡಿ ‘ಸರಿಯಿದೆ’ ಎನ್ನುವುದು ಪರೀಕ್ಷೆಯಲ್ಲ.

ಗಮನಿಸಬೇಕಾದವು ಇವು. ರೈಲಿನ ಗಾಲಿ ಮೊಟ್ಟೆಯಂತೆ ಅಗಲವಾಗಿ ಕಂಡರೆ ಚಿತ್ರ ಹಿಗ್ಗಿದೆ ಎಂದರ್ಥ. 1960ರ ದಶಕದ ಈ ಕಪ್ಪು ಬಿಳುಪು ಚಿತ್ರಗಳ ಅಗಲ ಮತ್ತು ಎತ್ತರದ ಅನುಪಾತ 1.37:1. ಇಂದಿನ ಅಗಲ ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಉಳಿಯಬೇಕು. ‘ಪರದೆ ತುಂಬಲಿ’ ಎಂದು ಯಾರು ಹೇಳಿದರೂ ಹಿಗ್ಗಿಸಬೇಡಿ. ಜೆಮನ್ ಚಿತ್ರದ ಸೂಕ್ಷ್ಮ ಗೆರೆಗಳು ನಡುಗುತ್ತಿದ್ದರೆ ಪ್ರೊಜೆಕ್ಟರಿನ ಫೋಕಸ್ ಅಥವಾ ರೆಸಲ್ಯೂಷನ್ ಸರಿಯಿಲ್ಲ.

ಡೇಸೀಸ್ ವಿಷಯದಲ್ಲಿ ಪ್ರೊಜೆಕ್ಟರ್ ನಡೆಸುವವರಿಗೆ ಮೊದಲೇ ಹೇಳಿಡಬೇಕು. ಬಣ್ಣ ಇದ್ದಕ್ಕಿದ್ದಂತೆ ಬದಲಾಗುತ್ತದೆ, ಹೋಗುತ್ತದೆ, ಮರಳುತ್ತದೆ. ಹುಡುಗಿಯರಿಬ್ಬರೂ ಕತ್ತರಿ ಹಿಡಿದಾಗ ಇಡೀ ಚಿತ್ರವೇ ಚೂರುಚೂರಾಗುತ್ತದೆ. ಇದು ಕಡತದ ದೋಷವಲ್ಲ, ಖಿತಿಲೊವಾ ಬೇಕೆಂದೇ ಮಾಡಿದ್ದು. ತಿಳಿಯದವರು ಅಲ್ಲಿ ಪ್ರದರ್ಶನ ನಿಲ್ಲಿಸಿಬಿಡುತ್ತಾರೆ.

ಹಂತ 6: ಕನ್ನಡ ಸಬ್‌ಟೈಟಲ್

ಇಂಗ್ಲಿಷ್ ಸಬ್‌ಟೈಟಲ್ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಓದುತ್ತ ನೋಡಿದ ಪ್ರೇಕ್ಷಕರು ನಗುವ ಜಾಗದಲ್ಲಿ ನಗುತ್ತಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಚಿತ್ರಕ್ಕೆ ಒಬ್ಬರಿಗೆ ಎರಡು ವಾರ ಕೊಡಿ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ ಸಾಕಾಗುತ್ತದೆ.

ಮೊದಲು ಸಂಗ್ರಹಾಲಯದಿಂದ ಚೆಕ್ ಸಂಭಾಷಣೆಯ ಪಟ್ಟಿ ಕೇಳಿ ಪಡೆಯಿರಿ. ಕಾರಣ ಇದು: ಚೆಕ್ ಭಾಷೆಯಲ್ಲಿ ನಮ್ಮಂತೆಯೇ ‘ನೀನು’ ಮತ್ತು ‘ನೀವು’ ಎಂಬ ಭೇದವಿದೆ. ‘ತಿ’ ಎಂದರೆ ನೀನು, ‘ವಿ’ ಎಂದರೆ ನೀವು. ಇಂಗ್ಲಿಷ್‌ಗೆ ಬಂದಾಗ ಎರಡೂ ಒಂದಾಗಿಬಿಡುತ್ತವೆ. ಇಂಗ್ಲಿಷ್ ಸಾಲನ್ನಷ್ಟೇ ನೋಡಿ ಅನುವಾದಿಸಿದರೆ ಮೇಲಧಿಕಾರಿಯನ್ನು ಕಿರಿಯ ನೌಕರ ಏಕವಚನದಲ್ಲಿ ಕರೆದಂತೆ ಆಗಬಹುದು. ಇಂಗ್ಲಿಷ್ ಕಳೆದುಕೊಂಡ ಈ ಸಲುಗೆ ಮತ್ತು ದೂರವನ್ನು ಕನ್ನಡ ಮರಳಿ ತರಬಲ್ಲದು. ಇಬ್ಬರು ಪಾತ್ರಗಳು ಎಲ್ಲಿ ‘ನೀವು’ ಬಿಟ್ಟು ‘ನೀನು’ಗೆ ಇಳಿಯುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡೇ ಕೆಲಸ ಶುರುಮಾಡಿ.

ಕೋಲ್ಯಾದಲ್ಲಿ ಇನ್ನೊಂದು ತೊಡಕಿದೆ. ಹುಡುಗ ಆಡುವುದು ರಷ್ಯನ್, ಅವನನ್ನು ಸಾಕುವವನದು ಚೆಕ್. ‘ಕ್ರಾಸ್ನಿ’ ಎಂಬ ಸದ್ದಿಗೆ ರಷ್ಯನ್‌ನಲ್ಲಿ ಕೆಂಪು ಎಂದರ್ಥ, ಚೆಕ್‌ನಲ್ಲಿ ಸುಂದರ. ಇಬ್ಬರ ಮಾತನ್ನೂ ಒಂದೇ ಬಗೆಯಲ್ಲಿ ಬರೆದರೆ ಆ ಮನಸ್ತಾಪವೂ ನಗೆಯೂ ಕಾಣೆಯಾಗುತ್ತವೆ. ರಷ್ಯನ್ ಮಾತನ್ನು ಓರೆ ಅಕ್ಷರದಲ್ಲಿ ಕೊಡಿ.

ಸಾಲುಗಳು ಎರಡನ್ನು ಮೀರಬಾರದು. ಸಾಲಿಗೆ ಸುಮಾರು ಐದಾರು ಪದ. ಕ್ರಿಯಾಪದದಲ್ಲೇ ವ್ಯಕ್ತಿ ತಿಳಿಯುವುದರಿಂದ ‘ನಾನು’, ‘ಅವನು’ ಎಂಬುವನ್ನು ಧಾರಾಳವಾಗಿ ಬಿಡಬಹುದು.

ತಾಂತ್ರಿಕವಾಗಿ ಮೂರು ಕಡೆ ಎಡವುತ್ತೇವೆ. ಮೊದಲನೆಯದು ವೇಗ. ಒಂದೇ ಚಿತ್ರ ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮಿನ) ಪ್ರತಿಯಾಗಿಯೂ ಇರುತ್ತದೆ, ಯುರೋಪಿನ ಟಿವಿಗಾಗಿ 25 ಚೌಕಟ್ಟಿಗೆ ಏರಿಸಿದ ಪ್ರತಿಯಾಗಿಯೂ ಇರುತ್ತದೆ. ಒಂದಕ್ಕೆ ಮಾಡಿದ ಸಬ್‌ಟೈಟಲನ್ನು ಇನ್ನೊಂದಕ್ಕೆ ಹಾಕಿದರೆ ಆರಂಭದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ, ಒಂದು ಗಂಟೆಯ ಹೊತ್ತಿಗೆ ವ್ಯತ್ಯಾಸ 2 ನಿಮಿಷ 24 ಸೆಕೆಂಡು. ಒಮ್ಮೆ ನಮ್ಮ ಸಂಘದ ಪ್ರದರ್ಶನದಲ್ಲೇ ಹೀಗಾಯಿತು. ಮೊದಲ ಹತ್ತು ನಿಮಿಷ ಮಾತ್ರ ಪರೀಕ್ಷಿಸಿದ್ದೆವು, ಅರ್ಧ ಚಿತ್ರದ ಹೊತ್ತಿಗೆ ಪರದೆಯ ಮೇಲೆ ಒಂದು ಮಾತು, ಕೆಳಗೆ ಇನ್ನಾವುದೋ ಮಾತು. ಅಂದು ನಿರಾಶರಾಗಿ ಎದ್ದುಹೋದವರ ಮುಖ ಇಂದಿಗೂ ನೆನಪಿದೆ. ಹಿಂದೆ ಬೀಳುವುದು ಸಮನಾಗಿ ಹೆಚ್ಚುತ್ತಿದ್ದರೆ ಕಾರಣ ವೇಗ, ತಂತ್ರಾಂಶದಲ್ಲಿ ಚೌಕಟ್ಟಿನ ದರ ಬದಲಿಸಿ. ಆರಂಭದಿಂದ ಕೊನೆಯವರೆಗೂ ಒಂದೇ ಅಂತರವಿದ್ದರೆ ಎಲ್ಲ ಸಾಲುಗಳನ್ನೂ ಅಷ್ಟೇ ಸರಿಸಿದರೆ ಸಾಕು.

ಎರಡನೆಯದು ಅಕ್ಷರ. ಕಡತವನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲೇ ಉಳಿಸಿ, ನೋಟೊ ಸಾನ್ಸ್ ಕನ್ನಡದಂತಹ ಯೂನಿಕೋಡ್ ಅಕ್ಷರಶೈಲಿಯನ್ನು ಪ್ರದರ್ಶನದ ಲ್ಯಾಪ್‌ಟಾಪ್‌ನಲ್ಲೇ ಸ್ಥಾಪಿಸಿ. ಒತ್ತಕ್ಷರ ಕೆಳಗೆ ಇಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಂತರೆ ಅಪಾಯದ ಸೂಚನೆ. ನಮ್ಮ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು, ಸಾಲುಗಳ ನಡುವಿನ ಅಂತರ ಹೆಚ್ಚಿಸದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಮೂರನೆಯದು ಡಿಸಿಪಿ. ಅನೇಕ ಸರ್ವರ್‌ಗಳು ಕನ್ನಡದ ಅಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಸಬ್‌ಟೈಟಲನ್ನು ಪಠ್ಯವಾಗಿ ಕೊಡದೆ ಪಿಎನ್‌ಜಿ ಚಿತ್ರಗಳಾಗಿ ಮಾಡಿ ಕೊಡಿ.

ಹಂತ 7: ಸಭಾಂಗಣ ಮತ್ತು ತಾಲೀಮು

ಈಗ ಮುಂಗಡ ಕೊಡಿ. ಹಗಲು ಹನ್ನೊಂದು ಗಂಟೆಗೆ ಬಾಗಿಲು ಮುಚ್ಚಿ ಒಳಗೆ ನಿಂತು ನೋಡಿ. ಕೈಯಲ್ಲಿನ ಪತ್ರಿಕೆ ಓದಲು ಬಂದರೆ ಕಪ್ಪು ಬಟ್ಟೆ ಬೇಕು.

ಚಿತ್ರಮಂದಿರದ ಪರದೆಗೆ ಬೇಕಾದ ಬೆಳಕಿನ ಮಾನದಂಡ 14 ಫುಟ್-ಲ್ಯಾಂಬರ್ಟ್, ಅಂದರೆ ಸಾಧಾರಣ ಪರದೆಯ ಚದರಡಿಗೆ ಸುಮಾರು 14 ಲ್ಯೂಮೆನ್ ಬೆಳಕು. ಹನ್ನೆರಡು ಅಡಿ ಅಗಲದ 16:9 ಪರದೆ ಎಂದರೆ 81 ಚದರಡಿ, ಲೆಕ್ಕಕ್ಕೆ ಸುಮಾರು 1,130 ಲ್ಯೂಮೆನ್ ಸಾಕು. ಆದರೆ ಪೆಟ್ಟಿಗೆಯ ಮೇಲಿನ ಅಂಕಿ ಸಿನಿಮಾದ ಬಣ್ಣಕ್ಕೆ ಹೊಂದಿಸಿದಾಗ ಬಹಳ ಇಳಿಯುತ್ತದೆ, ದೀಪ ಹಳೆಯದಾದರೆ ಇನ್ನಷ್ಟು. ನಾಲ್ಕು ಸಾವಿರ ಲ್ಯೂಮೆನ್‌ನದನ್ನೇ ತನ್ನಿ.

ಹಳೆಯ ಚಿತ್ರಗಳ ಧ್ವನಿ ಮೋನೋ, ಅಂದರೆ ಒಂದೇ ವಾಹಿನಿಯದು. ಪರದೆಯ ಬಳಿಯ ಎರಡು ಸ್ಪೀಕರ್‌ಗಳಲ್ಲೂ ಸಮವಾಗಿ ಬರಲಿ, ಗೋಡೆಯ ಸ್ಪೀಕರ್‌ಗಳನ್ನು ಮುಚ್ಚಿ. ಪ್ರತಿಧ್ವನಿ ಹೆಚ್ಚಿದ್ದರೆ ಹಿಂದಿನ ಗೋಡೆಗೆ ದಪ್ಪ ಜಮಖಾನೆ ಇಳಿಬಿಡಿ.

ಮೂರು ದಿನ ಮೊದಲು, ಅದೇ ಪ್ರೊಜೆಕ್ಟರ್, ಅದೇ ಲ್ಯಾಪ್‌ಟಾಪ್, ಅದೇ ಕೇಬಲ್ ಹಾಕಿ ಕನಿಷ್ಠ ಒಂದು ಚಿತ್ರವನ್ನು ಪೂರ್ತಿ ಓಡಿಸಿ. ಕೊನೆಯ ಸಾಲಿನ ಮೂಲೆ ಆಸನದಿಂದ ಸಬ್‌ಟೈಟಲ್ ಓದಲು ಆಗಬೇಕು, ಮುಂದಿನವರ ತಲೆ ಅಡ್ಡ ಬರುತ್ತಿದ್ದರೆ ಪರದೆ ಎತ್ತರಿಸಿ. ಒಮ್ಮೆ ಬೇಕೆಂದೇ ವಿದ್ಯುತ್ ತೆಗೆದು ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ನೋಡಿ. ಲ್ಯಾಪ್‌ಟಾಪ್‌ನ ಸ್ಕ್ರೀನ್‌ಸೇವರ್, ಅಪ್‌ಡೇಟ್, ವೈಫೈ ಮೂರನ್ನೂ ಆರಿಸಿ.

ಹಂತ 8: ಪೋಸ್ಟರ್ ಮತ್ತು ಕರಪತ್ರ

ಲಿಖಿತ ಒಪ್ಪಿಗೆ, ವಿನಾಯಿತಿ, ಪರೀಕ್ಷಿಸಿದ ಪ್ರತಿ, ಈ ಮೂರೂ ಮೇಜಿನ ಮೇಲಿದ್ದರೆ ಮಾತ್ರ ಮುದ್ರಣಕ್ಕೆ ಹೋಗಿ.

ಹೆಸರುಗಳನ್ನು ಇಂಗ್ಲಿಷ್ ಕಣ್ಣಿನಿಂದ ಓದಿ ಬರೆಯಬೇಡಿ. ಚೆಕ್‌ನ ಜೆ ಅಕ್ಷರ ನಮ್ಮ ಯಕಾರ, ಹಾಗಾಗಿ ‘ಜಾನ್’ ಅಲ್ಲ ‘ಯಾನ್’. ಸಿ ಎಂದರೆ ತ್ಸ. ಸ್ವರದ ಮೇಲಿನ ಓರೆ ಗೆರೆ ದೀರ್ಘದ ಗುರುತು, ಇದು ಕನ್ನಡಕ್ಕೆ ಸಹಜವಾಗಿ ಒದಗುತ್ತದೆ. ಸ್ವರವಿಲ್ಲದೆ ನಿಲ್ಲುವ ಅವರ ರ್ ನಮ್ಮ ಋಕಾರಕ್ಕೆ ಹತ್ತಿರ, ಆದ್ದರಿಂದಲೇ ‘ತೃಂಕ’.

ಕರಪತ್ರದಲ್ಲಿ ಪ್ರತಿ ಚಿತ್ರಕ್ಕೂ ಅವಧಿ, ಭಾಷೆ, ಮೂರು ಸಾಲಿನ ಪರಿಚಯ, ಜೊತೆಗೆ ಎಚ್ಚರಿಕೆ ಇರಲಿ. ಕ್ಲೋಸ್ಲಿ ವಾಚ್ಡ್ ಟ್ರೇನ್ಸ್‌ನಲ್ಲಿ ಕಾಮದ ಸನ್ನಿವೇಶಗಳೂ ಆತ್ಮಹತ್ಯೆಯ ಯತ್ನವೂ ಇವೆ. ದ ಶಾಪ್ ಆನ್ ಮೇನ್ ಸ್ಟ್ರೀಟ್‌ನಲ್ಲಿ ಯಹೂದಿಗಳನ್ನು ಊರಿನಿಂದ ಸಾಗಿಸುವ ದಿನದ ಚಿತ್ರಣವಿದೆ. ಮೊದಲೇ ತಿಳಿಸಿದರೆ ಯಾರೂ ಅಸಮಾಧಾನಗೊಳ್ಳುವುದಿಲ್ಲ. ತಿಳಿಸದೆ, ಗಾಬರಿಯಿಂದ ಪ್ರೊಜೆಕ್ಟರಿನ ಮುಂದೆ ಕೈ ಅಡ್ಡ ಹಿಡಿಯುವುದು ಪ್ರೇಕ್ಷಕರಿಗೂ ಚಿತ್ರಕ್ಕೂ ಮಾಡುವ ಅವಮಾನ.

ಹಂತ 9: ಮೂರು ದಿನಗಳು

ಉದ್ಘಾಟನೆ ಇಪ್ಪತ್ತು ನಿಮಿಷ ಮೀರಬಾರದು. ಸ್ವಾಗತ, ಪ್ರಾಸ್ತಾವಿಕ, ಹಾರ ತುರಾಯಿ, ಶಾಲು, ನೆನಪಿನ ಕಾಣಿಕೆ, ಐವರು ಅತಿಥಿಗಳ ಭಾಷಣ ಎಂದು ಒಂದೂವರೆ ಗಂಟೆ ಎಳೆದರೆ 93 ನಿಮಿಷದ ಚಿತ್ರ ಮುಗಿಯುವಾಗ ಕೊನೆಯ ಬಸ್ ಹೊರಟಿರುತ್ತದೆ. ದೂರದ ಹಳ್ಳಿಗಳಿಂದ ಬಂದವರು ಅರ್ಧಕ್ಕೆ ಏಳುವುದು ಬೇಸರದಿಂದಲ್ಲ, ಬಸ್ಸಿಗಾಗಿ. ಅತಿಥಿಗಳನ್ನು ಕರೆಯುವಾಗಲೇ ಸಮಯ ಹೇಳಿ, ಆಮಂತ್ರಣದಲ್ಲೂ ಅಚ್ಚು ಹಾಕಿಸಿ.

ಪ್ರತಿ ಚಿತ್ರದ ಮುನ್ನ ಐದು ನಿಮಿಷದ ಪರಿಚಯ. ಮುಖ್ಯವಾಗಿ ಒಂದು ಹಿನ್ನೆಲೆ ಎಲ್ಲರಿಗೂ ಬೇಕು: 1968ರ ಆಗಸ್ಟ್ 20ರ ತಡರಾತ್ರಿ ಸೋವಿಯತ್ ನೇತೃತ್ವದ ಸೇನೆ ದೇಶದೊಳಗೆ ಬಂತು, ಅದರ ನಂತರ ಹಲವು ಚಿತ್ರಗಳು ಕಪಾಟು ಸೇರಿದವು. ಕಥೆಯ ಕೊನೆಯನ್ನು ಹೇಳಬೇಡಿ, ಮೆಂಜೆಲ್ ಚಿತ್ರದಲ್ಲಂತೂ ಖಂಡಿತ ಬೇಡ.

ಮುಗಿದ ಮೇಲೆ ಹೆಸರುಗಳು ಓಡಿ ಪರದೆ ಕಪ್ಪಾಗುವವರೆಗೆ ದೀಪ ಹಾಕಬೇಡಿ. ಚರ್ಚೆ ಇಪ್ಪತ್ತು ನಿಮಿಷ, ಮೈಕು ಮೊದಲು ಪ್ರೇಕ್ಷಕರ ಕೈಗೆ. ದ ಶಾಪ್ ಆನ್ ಮೇನ್ ಸ್ಟ್ರೀಟ್ ನಂತರ ಕೂಡಲೇ ಚರ್ಚೆ ಬೇಡ. ಚಹಾ ಕೊಡಿ, ಹದಿನೈದು ನಿಮಿಷ ಬಿಡಿ, ಮಾತಾಡಬೇಕೆನ್ನುವವರು ಮರಳಿ ಬರುತ್ತಾರೆ.

ನಡುವೆ ಚಿತ್ರ ನಿಂತರೆ ಒಬ್ಬರು ಮುಂದೆ ಬಂದು ಕಾರಣವನ್ನೂ ಎಷ್ಟು ಹೊತ್ತು ಬೇಕೆಂಬುದನ್ನೂ ನೇರವಾಗಿ ಹೇಳಬೇಕು. ಪುನಃ ಶುರುಮಾಡುವಾಗ ನಿಂತ ಜಾಗಕ್ಕಿಂತ ಒಂದು ನಿಮಿಷ ಹಿಂದಿನಿಂದ ಶುರುಮಾಡಿ.

ಹಂತ 10: ಮುಗಿದ ವಾರ

ಪ್ರತಿಗಳನ್ನು ಒಪ್ಪಂದದಂತೆ ಹಿಂತಿರುಗಿಸಿ ಅಥವಾ ಅಳಿಸಿ, ಅಳಿಸಿದ್ದನ್ನು ಬರೆದು ತಿಳಿಸಿ. ‘ಒಂದು ನಕಲು ಕೊಡಿ’ ಎಂದು ಕೇಳುವ ಸ್ನೇಹಿತರಿಗೆ ಇಲ್ಲ ಎನ್ನಿ. ಪ್ರತಿ ಚಿತ್ರಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕ, ಎರಡು ಛಾಯಾಚಿತ್ರ, ಕರಪತ್ರದ ಒಂದು ಪ್ರತಿ ಹಾಗೂ ನೀವು ಮಾಡಿದ ಕನ್ನಡ ಸಬ್‌ಟೈಟಲ್ ಕಡತವನ್ನು ಹಕ್ಕುದಾರರಿಗೂ ರಾಯಭಾರ ಕಚೇರಿಗೂ ಕಳಿಸಿ. ಮಾರ್ಕೆಟಾ ಲಜರೋವಾ ಕೇಳುವ ಪತ್ರವನ್ನು ಅದರ ಜೊತೆಗೇ ಹಾಕಬಹುದು.